ನಾಲ್ಕು ದಿನ, ಒಂದು ಕಾರು, ಅತ್ತೆಯ ಮೊಣಕಾಲು: ದಾವಣಗೆರೆಯಿಂದ ಕಡಲಿಗೆ ಹೋಗಿ ಬನವಾಸಿ ಮೇಲೆ ಬನ್ನಿ

ಪ್ರಶ್ನೆ: ನಾವು ದಾವಣಗೆರೆಯವರು. ನಾನು, ನಮ್ಮನೆಯವರು, 11 ಮತ್ತು 6 ವರ್ಷದ ಇಬ್ಬರು ಮಕ್ಕಳು, ಜೊತೆಗೆ 68 ವರ್ಷದ ನಮ್ಮತ್ತೆ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಅವರು ಇದುವರೆಗೂ ಸಮುದ್ರ ನೋಡಿಲ್ಲ. ಜನವರಿ ಕೊನೆಗೆ ನಾಲ್ಕು ದಿನ ರಜೆ ಸಿಗುತ್ತಿದೆ. ಸ್ವಂತ ಕಾರಿದೆ. ಮುರುಡೇಶ್ವರ, ಗೋಕರ್ಣ, ಉಡುಪಿ, ಬರುವಾಗ ಹಂಪಿ ಅಂತ ಪಟ್ಟಿ ಮಾಡಿದ್ದೇವೆ. ಮಕ್ಕಳಿಗೆ ಒಂದು ಇತಿಹಾಸದ ಊರನ್ನೂ ತೋರಿಸಬೇಕು ಅನ್ನುವುದು ನನ್ನಾಸೆ. ನಾವು ಸಸ್ಯಾಹಾರಿಗಳು. ಇದೆಲ್ಲ ಆಗುತ್ತಾ ಸರ್?

ಉತ್ತರ: ಆಗುತ್ತದೆ ಮೇಡಂ. ಆದರೆ ಈ ಪಟ್ಟಿ ಇಟ್ಟುಕೊಂಡರೆ ಆಗುವುದಿಲ್ಲ.

ಮೊದಲು ಹಂಪಿ ತೆಗೆದುಹಾಕಿ. ಸಮುದ್ರ ನಮಗೆ ಪಶ್ಚಿಮಕ್ಕೆ, ಹಂಪಿ ಬಡಗಣ ದಿಕ್ಕಿಗೆ. ಹರಪನಹಳ್ಳಿ ಮೇಲೆ ಹೊಸಪೇಟೆ ದಾರಿ ಹಿಡಿದರೆ ಇನ್ನೊಂದು ಭಾನುವಾರ ಬೆಳಿಗ್ಗೆ ಹೋಗಿ ರಾತ್ರಿಗೆ ಮನೆ ಸೇರಬಹುದು. ಅದನ್ನು ಕಡಲಿಗೆ ಗಂಟು ಹಾಕಬೇಡಿ. ಆಮೇಲೆ ಉಡುಪಿ. ಹೊನ್ನಾವರದಿಂದ ಉಡುಪಿಗೆ ಹೋಗಿ ಬರುವುದರಲ್ಲೇ ಒಂದು ದಿನ ಮುಗಿಯುತ್ತದೆ. ಅದೂ ಬೇಡ.

ಇಪ್ಪತ್ತು ವರ್ಷದ ಮೇಲಾಯಿತು, ನಾನು ಇದೇ ಊರಿಂದ ಪ್ರವಾಸದ ಗಾಡಿ ಕಳಿಸುತ್ತಿದ್ದೇನೆ. ಮೂರು ದಿನಕ್ಕೆ ಒಂಬತ್ತು ಊರು ಅಂತ ಹೋದವರು ವಾಪಸ್ ಬಂದು ಹೇಳುವುದು ಎರಡೇ ಮಾತು: ಡ್ರೈವರ್ ಚೆನ್ನಾಗಿದ್ದ, ಊಟ ಸರಿ ಇರಲಿಲ್ಲ. ಊರಿನ ಬಗ್ಗೆ ಏನೂ ಇರುವುದಿಲ್ಲ. ನಾನು ಈಗ ಬೇರೆ ಥರ ಹೇಳುತ್ತೇನೆ. ಹೋಗುವಾಗ ಒಂದು ಹೊಳೆ ಹಿಡಿದು ಹೋಗಿ. ಬರುವಾಗ ಒಬ್ಬ ರಾಜನ ಜಾಡು ಹಿಡಿದು ಬನ್ನಿ. ಹೊಳೆ ಶರಾವತಿ. ರಾಜ ಕದಂಬರ ಮಯೂರ. ಹೋಗಲು ಗೇರುಸೊಪ್ಪೆ ಘಾಟಿ, ಬರಲು ದೇವಿಮನೆ ಘಾಟಿ. ಎರಡು ರಾತ್ರಿ ಹೊನ್ನಾವರ, ಒಂದು ರಾತ್ರಿ ಶಿರಸಿ. ದಿನಾ ಬ್ಯಾಗು ಬಿಚ್ಚಿ ಕಟ್ಟುವ ಕೆಲಸ ತಪ್ಪುತ್ತದೆ. ಮಕ್ಕಳೂ ವಯಸ್ಸಾದವರೂ ಸುಸ್ತಾಗುವುದು ಅದರಿಂದಲೇ ಜಾಸ್ತಿ.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಹೊರಡಿ. ಹೊನ್ನಾಳಿ, ಶಿವಮೊಗ್ಗ, ಸಾಗರ. ಹೊನ್ನಾಳಿಯಲ್ಲಿ ತುಂಗಭದ್ರಾ ದಾಟುವಾಗ ಮಕ್ಕಳಿಗೆ ಒಂದು ಮಾತು ಹೇಳಿ: ಈ ನೀರು ಪೂರ್ವಕ್ಕೆ ಹೋಗಿ ಕೃಷ್ಣೆ ಸೇರಿ ಬಂಗಾಳಕೊಲ್ಲಿಗೆ ಬೀಳುತ್ತದೆ. ಸಂಜೆ ನೋಡುವ ಶರಾವತಿ ಇದಕ್ಕೆ ಉಲ್ಟಾ, ಪಶ್ಚಿಮಕ್ಕೆ ಹರಿಯುತ್ತದೆ. ಆ ಹೊಳೆ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ, ಕಡಲು ಸೇರುವುದು ಹೊನ್ನಾವರದಲ್ಲಿ. ದೊಡ್ಡವನಿಗೆ 11 ವರ್ಷ ಅಂದಿರಿ, ನಕ್ಷೆ ಅವನ ಕೈಗೇ ಕೊಡಿ.

ಸಾಗರ ಮುಟ್ಟಿದ ಮೇಲೆ ಇಕ್ಕೇರಿಗೆ ಅರ್ಧ ಗಂಟೆ ಕೊಡಬಹುದು. ಊರಿಂದ ಆರು ಕಿಲೋಮೀಟರ್ ಅಷ್ಟೇ. ಅಘೋರೇಶ್ವರ ದೇವಸ್ಥಾನದ ಅಂಗಳದಲ್ಲೇ ಕಾರು ನಿಲ್ಲಿಸಿದ ಹಾಗೆ, ಅತ್ತೆಯವರಿಗೆ ನಡಿಗೆ ಕಮ್ಮಿ. ಇದು ಕೆಳದಿ ನಾಯಕರ ರಾಜಧಾನಿಯಾಗಿತ್ತು. ನಂತರ ಅವರು ಬಿದನೂರಿಗೆ ಹೋದರು. ನಮ್ಮ ಕಡೆಯವರಿಗೆ ಇವರು ಹೊರಗಿನವರೇನಲ್ಲ. 1748ರಲ್ಲಿ ನಮ್ಮ ಮಾಯಕೊಂಡದ ಬಯಲಲ್ಲಿ ಬಿದನೂರಿನ ಕಡೆಯವರೂ ಚಿತ್ರದುರ್ಗದವರೂ ಕಾದಾಡಿದರು. ದುರ್ಗದ ನಾಯಕ ಅಲ್ಲೇ ಬಿದ್ದ. ಈಗ ಮಾಯಕೊಂಡ ಅಂದರೆ ನಮಗೆ ರೈಲ್ವೆ ಸ್ಟೇಷನ್ ಮತ್ತು ವಿಧಾನಸಭಾ ಕ್ಷೇತ್ರ ಅಷ್ಟೇ ನೆನಪು, ಅಲ್ವಾ?

ಜೋಗದ ಬಗ್ಗೆ ನಿಜ ಹೇಳಿಬಿಡುತ್ತೇನೆ. ಜನವರಿಯಲ್ಲಿ ನೀರು ತೀರಾ ಕಮ್ಮಿ. ಫೋಟೋದಲ್ಲಿ ನೋಡಿದ ಜೋಗ ಆಗಸ್ಟ್‌ನದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಬಂದ ಮೇಲೆ ಹೊಳೆ ಪೂರ್ತಿ ಅದರ ಹಿಡಿತದಲ್ಲಿದೆ. ಆದರೆ ನೀರಿಲ್ಲದಾಗ ಕಾಣುವುದು 830 ಅಡಿಯ ಕಲ್ಲಿನ ಗೋಡೆ, ಅದೂ ನೋಡುವಂಥದ್ದೇ. ರಾಜ, ರಾಣಿ, ರೋರರ್, ರಾಕೆಟ್ ಯಾವುದು ಎಲ್ಲಿ ಬೀಳುತ್ತದೆ ಅಂತ ಕಪ್ಪು ಗೆರೆ ನೋಡಿ ಗುರುತು ಹಿಡಿಯಬಹುದು. ಮೇಲಿನ ಕಟ್ಟೆಯಿಂದಲೇ ನೋಡಿ, ಕೆಳಗೆ ಇಳಿಯುವ ಮೆಟ್ಟಿಲಿನ ತಂಟೆ ಬೇಡ. ನೀರೆಲ್ಲ ಎಲ್ಲಿ ಹೋಯಿತು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಪೈಪಿನೊಳಗೆ ಇಳಿದು ಶರಾವತಿ ವಿದ್ಯುದಾಗಾರಕ್ಕೆ ಹೋಯಿತು ಅನ್ನಿ. ಅದರ ತಾಕತ್ತು 1,035 ಮೆಗಾವಾಟ್. ಕಾಮಗಾರಿ ಇದ್ದಾಗ ಜೋಗದ ಗೇಟು ಮುಚ್ಚಿರುತ್ತಾರೆ, ಹೊರಡುವ ಮೊದಲು ವಿಚಾರಿಸಿ.

ಜೋಗದಿಂದ ಹೊನ್ನಾವರಕ್ಕೆ ಸುಮಾರು 60 ಕಿಲೋಮೀಟರ್, ಆದರೆ ನಡುವೆ ಗೇರುಸೊಪ್ಪೆ ಘಾಟಿ ಇದೆ. ಹೆದ್ದಾರಿ 48ರ ಲೆಕ್ಕದಲ್ಲಿ ಮುಕ್ಕಾಲು ಗಂಟೆ ಅಂದುಕೊಳ್ಳಬೇಡಿ, ಎರಡು ಗಂಟೆ ಇಟ್ಟುಕೊಳ್ಳಿ. ಚಿಕ್ಕವಳಿಗೆ ಘಾಟಿಗೆ ಒಂದು ಗಂಟೆ ಮೊದಲೇ ಊಟ ಮುಗಿಸಿ, ಅದೂ ಕಮ್ಮಿ. ಮುಂದಿನ ಸೀಟಿನಲ್ಲಿ ಅತ್ತೆ ಕೂರಲಿ. ಮೊಬೈಲ್ ನೋಡಿಕೊಂಡು ಕೂತವರಿಗೇ ವಾಂತಿ ಬರುವುದು. ಒಂದು ನಿಂಬೆಹಣ್ಣು ಕೈಯಲ್ಲಿರಲಿ. ನಮ್ಮೂರ ಮಂಡಕ್ಕಿ ಒಂದು ಚೀಲ ಒಯ್ಯಿರಿ, ಘಾಟಿಯಲ್ಲಿ ಹೊಟ್ಟೆಗೆ ಅದೇ ಹಗುರ. ಜೊತೆಗೆ ಮೆಣಸಿನಕಾಯಿ ಬಜ್ಜಿ ಮಾತ್ರ ಬೇಡ.

ಇಳಿಯುತ್ತಾ ಕಿವಿ ಗುಂಯ್ ಅನ್ನುತ್ತದೆ, ಗಾಳಿ ಬಿಸಿಯಾಗುತ್ತದೆ, ಅಡಿಕೆ ಹೋಗಿ ತೆಂಗು ಬರುತ್ತದೆ. ಗೇರುಸೊಪ್ಪೆ ದಾಟಿದ ಮೇಲೆ ಹೊಳೆ ಪಕ್ಕದಲ್ಲೇ ಬರುತ್ತದೆ. ಬೆಳಿಗ್ಗೆ ಬಂಡೆಯ ಮೇಲೆ ಗೆರೆಯಾಗಿದ್ದದ್ದು ಸಂಜೆ ಹೊತ್ತಿಗೆ ನಮ್ಮ ಸೂಳೆಕೆರೆಯಷ್ಟು ಅಗಲ ಕಾಣುತ್ತದೆ. ಹೊನ್ನಾವರ ಸೇರಿದವರೇ ರೂಮಿಗೆ ಬ್ಯಾಗು ಹಾಕಿ, ಸೇತುವೆ ದಾಟಿ ಕಾಸರಕೋಡು ಬೀಚಿಗೆ ಹೋಗಿ. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕಿದ ಬೀಚು. ಕೂರಲು ಜಾಗ, ಶೌಚಾಲಯ ಎಲ್ಲ ಇದೆ. ಜನವರಿ ಕೊನೆಗೆ ಸೂರ್ಯ ಮುಳುಗುವುದು ಆರೂವರೆ ಹೊತ್ತಿಗೆ.

ಇಲ್ಲಿ ಒಂದು ಮಾತು. ಅತ್ತೆಯವರು ಮೊದಲ ಸಲ ಸಮುದ್ರ ನೋಡುತ್ತಿದ್ದಾರೆ. ನಮ್ಮಮ್ಮನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನಾನು ಫೋಟೋ, ಎಳನೀರು, ದೋಣಿ ಅಂತ ಓಡಾಡಿಬಿಟ್ಟೆ. ಅವ್ವ ಸುಮ್ನೆ ಕೂತಿದ್ದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಇದು ರಾತ್ರಿಯೂ ಹಿಂಗೇ ಬಡ್ಕೋತಿರುತ್ತಾ?’ ಆವತ್ತು ರಾತ್ರಿ ಅದನ್ನು ಕೇಳಿಸಬಹುದಿತ್ತು. ನಾನು ದೂರದ ಲಾಡ್ಜ್‌ಗೆ ದುಡ್ಡು ಕೊಟ್ಟಾಗಿತ್ತು. ಸೀ ವ್ಯೂ ರೂಮು ಅಂದಿದ್ದರು. ಕಿಟಕಿ ತೆರೆದರೆ ಒಂದು ಸಿಂಟೆಕ್ಸ್ ಟ್ಯಾಂಕು, ಎರಡು ತೆಂಗಿನ ಗರಿ. ಗರಿ ಅಲ್ಲಾಡಿದಾಗ ಸಮುದ್ರ ಒಂದು ಬೆರಳಷ್ಟು. ಅದಕ್ಕೇ ಹೇಳುವುದು, ಸೀ ವ್ಯೂ ಅನ್ನುವುದನ್ನು ನಂಬಬೇಡಿ. ಫೋನಿನಲ್ಲಿ ಮೂರೇ ಕೇಳಿ: ನೆಲಮಹಡಿಯ ರೂಮು ಇದೆಯಾ, ಕಮೋಡ್ ಇದೆಯಾ, ಕಾರು ಬಾಗಿಲ ತನಕ ಬರುತ್ತಾ. ಗಣರಾಜ್ಯೋತ್ಸವದ ರಜೆ ಸೇರಿದ್ದರೆ ಈಗಲೇ ಹೇಳಿಡಿ.

ಎರಡನೇ ದಿನ ಮುರುಡೇಶ್ವರ. ಹೊನ್ನಾವರದಿಂದ ದಕ್ಷಿಣಕ್ಕೆ 27 ಕಿಲೋಮೀಟರ್ ಹತ್ತಿರ. ಡಿಸೆಂಬರ್, ಜನವರಿ ಅಂದರೆ ಶಾಲಾ ಪ್ರವಾಸದ ಕಾಲ. ಬಸ್ಸುಗಳು ಒಂಬತ್ತರ ಮೇಲೆ ಸಾಲಾಗಿ ಬರುತ್ತವೆ. ನೀವು ಏಳಕ್ಕೇ ಅಲ್ಲಿರಿ. 20 ಅಂತಸ್ತಿನ ರಾಜಗೋಪುರದೊಳಗೆ ಲಿಫ್ಟ್ ಇದೆ, 18ನೇ ಅಂತಸ್ತಿನವರೆಗೆ ಹೋಗುತ್ತದೆ. ಮೊಣಕಾಲು ನೋವಿನವರಿಗೆ ಇಡೀ ಕರಾವಳಿಯಲ್ಲಿ ಇಷ್ಟು ಎತ್ತರದ ನೋಟ ಇಷ್ಟು ಸುಲಭಕ್ಕೆ ಇನ್ನೆಲ್ಲೂ ಇಲ್ಲ. 123 ಅಡಿಯ ಶಿವನ ವಿಗ್ರಹವನ್ನು ಮೇಲಿಂದ ನೋಡಿದರೇ ಚೆಂದ. ವಿಗ್ರಹದ ಬುಡಕ್ಕೆ ಮೆಟ್ಟಿಲಿದೆ, ಅತ್ತೆ ಕೆಳಗೇ ಇರಲಿ.

ನೀರಿಗೆ ಇಳಿಯುವ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಇದೇ ಮುರುಡೇಶ್ವರದಲ್ಲಿ ನೀರು ಪಾಲಾದರು. ಕಡಲು ಶಾಂತವಾಗಿರುವ ಕಾಲವೇ ಅದು. ನಮ್ಮ ಕಡೆ ಗಂಡಸರಿಗೆ ಒಂದು ಧೈರ್ಯ, ಭದ್ರಾ ಚಾನೆಲ್‌ನಲ್ಲಿ ಈಜು ಕಲಿತಿದ್ದೇನೆ ಅಂತ. ಚಾನೆಲ್ ನೀರು ಒಂದೇ ಕಡೆ ಹರಿಯುತ್ತದೆ, ದಂಡೆ ಕೈಗೆ ಸಿಗುತ್ತದೆ. ಸಮುದ್ರ ಹಾಗಲ್ಲ. ದಡಕ್ಕೆ ಬಂದ ಅಲೆಗಳ ನೀರು ವಾಪಸ್ ಹೋಗಲು ಒಂದು ಓಣಿ ಮಾಡಿಕೊಳ್ಳುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದಿಲ್ಲ. ಎರಡೂ ಕಡೆ ನೊರೆ, ನಡುವೆ ಸಮತಟ್ಟು, ನೀರಿನ ಬಣ್ಣ ಸ್ವಲ್ಪ ಗಾಢ. ನೋಡಿದವರಿಗೆ ಅದೇ ಸುರಕ್ಷಿತ ಜಾಗ ಅನ್ನಿಸುತ್ತದೆ, ಮಕ್ಕಳನ್ನು ಅಲ್ಲಿಗೇ ಬಿಡುತ್ತಾರೆ. ಸೆಳೆತ ಇರುವುದು ಅಲ್ಲೇ. ಅಕಸ್ಮಾತ್ ಸಿಕ್ಕಿಕೊಂಡರೆ ದಡದ ಕಡೆ ಮುಖ ಮಾಡಿ ಈಜಬಾರದು, ಸೋತು ಹೋಗುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆ ಓಣಿಯಿಂದ ಹೊರಗೆ ಬರಬೇಕು. ನಿಮ್ಮ ಮಕ್ಕಳಿಗೆ ಇಷ್ಟು ಸಾಕು: ಮೊಣಕಾಲಿನ ತನಕ ನೀರು, ಒಬ್ಬೊಬ್ಬರ ಕೈ ಒಬ್ಬೊಬ್ಬ ದೊಡ್ಡವರ ಕೈಯಲ್ಲಿ, ಬೆನ್ನು ಯಾವತ್ತೂ ಸಮುದ್ರಕ್ಕೆ ತಿರುಗಿಸಬಾರದು. ಕಾವಲು ಹುಡುಗರು ಸೀಟಿ ಹೊಡೆದರೆ ವಾದ ಮಾಡದೆ ಮೇಲೆ ಬನ್ನಿ.

ಬಿಸಿಲೇರುವ ಮುಂಚೆ ಇಡಗುಂಜಿ ಗಣಪತಿ ಮುಗಿಸಿಕೊಂಡು ರೂಮಿಗೆ ವಾಪಸ್. ಎರಡು ಕೈಯ, ನಿಂತ ಗಣಪ. ದೇವಸ್ಥಾನದಲ್ಲಿ ಹತ್ತುವುದು ಇಳಿಯುವುದು ಇಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆ ತನಕ ಮಲಗಿ. ಕರಾವಳಿಯ ಜನವರಿ ಅಂದರೆ ತಂಪು ಅನ್ನುವುದು ತಪ್ಪು, ಹಗಲಲ್ಲಿ ಬೆವರು ಸುರಿಯುತ್ತದೆ. ನಾವು ಒಣ ಬಿಸಿಲಿಗೆ ಒಗ್ಗಿದವರು, ಈ ಜಿಗಟು ಬಿಸಿಲು ಬೇಗ ಸುಸ್ತು ಮಾಡುತ್ತದೆ.

ಸಂಜೆ ಶರಾವತಿಯ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್. ಹೊನ್ನಾವರದ ಪಕ್ಕದಲ್ಲೇ ಅರಣ್ಯ ಇಲಾಖೆ ಮರದ ಹಲಗೆಯ ಕಾಲುದಾರಿ ಮಾಡಿದೆ. ಸಮತಟ್ಟು ದಾರಿ, ಅತ್ತೆ ನಿಧಾನಕ್ಕೆ ನಡೆಯಬಹುದು. ಹಲಗೆಯ ಸಂದಿನಲ್ಲಿ ಬಗ್ಗಿ ನೋಡಿ. ಕೆಸರಿನಿಂದ ಬೆರಳಿನ ಹಾಗೆ ಬೇರುಗಳು ಮೇಲಕ್ಕೆ ಎದ್ದಿರುತ್ತವೆ. ಕೆಸರಲ್ಲಿ ಗಾಳಿ ಇಲ್ಲದ್ದರಿಂದ ಗಿಡ ಬೇರಿನ ತುದಿ ಹೊರಗೆ ಹಾಕಿ ಉಸಿರಾಡುತ್ತದೆ. ಸುಮ್ಮನೆ ಎರಡು ನಿಮಿಷ ನಿಂತರೆ ತೂತುಗಳಿಂದ ಏಡಿಗಳು ಹೊರಗೆ ಬರುತ್ತವೆ, ಒಬ್ಬರು ಕೆಮ್ಮಿದರೆ ಎಲ್ಲ ಒಟ್ಟಿಗೆ ಮಾಯ. ನಿಮ್ಮ ಚಿಕ್ಕ ಮಗು ಅಲ್ಲಿಂದ ಏಳುವುದಿಲ್ಲ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಇಳಿತದ ಹೊತ್ತಿಗೆ ಹೋದರೆ ಇದೆಲ್ಲ ಕಾಣುತ್ತದೆ, ಭರತದಲ್ಲಿ ಹೋದರೆ ಬರೀ ನೀರು. ಭರತ ಇಳಿತ ದಿನಕ್ಕೆ ಎರಡೆರಡು ಸಲ, ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ದೋಣಿಯವರನ್ನು ಹಿಂದಿನ ಸಂಜೆಯೇ ಕೇಳಿ, ಅವರಿಗೆ ಬಾಯಿಪಾಠ. ದೋಣಿ ಹತ್ತಿದರೆ ಎಲ್ಲರಿಗೂ ಲೈಫ್ ಜಾಕೆಟ್, ಅತ್ತೆಗೂ ಸೇರಿ.

ಊಟದ ಚಿಂತೆ ಬೇಡ. ಶುದ್ಧ ಸಸ್ಯಾಹಾರಿ ಹೋಟೆಲು ಎಲ್ಲ ಊರಲ್ಲೂ ಇವೆ. ಬರೀ ಅನ್ನ ಅಂದರೆ ದಪ್ಪ ಕುಚ್ಚಲಕ್ಕಿ ಬಂದೀತು. ಅತ್ತೆಗೆ ಹಿಡಿಸದಿದ್ದರೆ ‘ಬೆಳ್ತಿಗೆ ಅನ್ನ ಕೊಡಿ’ ಅನ್ನಿ, ನಮ್ಮ ಕಡೆಯ ಬಿಳಿ ಅನ್ನಕ್ಕೆ ಅಲ್ಲಿ ಹಾಗನ್ನುತ್ತಾರೆ. ರೊಟ್ಟಿ ಸಿಗುವುದು ಕಷ್ಟ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮನೆಯಿಂದಲೇ ಕಟ್ಟಿಕೊಳ್ಳಿ. ಅಲ್ಲಿ ತಿನ್ನಬೇಕಾದ್ದು ತಂಬುಳಿ, ಅಪ್ಪೆಹುಳಿ. ಬೆಣ್ಣೆ ದೋಸೆ ಹುಡುಕಬೇಡಿ, ಸಿಕ್ಕರೂ ನಿಮಗೆ ಸಿಟ್ಟು ಬರುತ್ತದೆ.

ಮೂರನೇ ದಿನ ಲಾಡ್ಜ್ ಖಾಲಿ ಮಾಡಿ ಉತ್ತರಕ್ಕೆ. ಗೋಕರ್ಣಕ್ಕೆ 50 ಕಿಲೋಮೀಟರ್ ಆಸುಪಾಸು. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಅಲ್ಲಿಗೇ ಮೊದಲು ಹೋಗಿ. ಗಂಡಸರು ಅಂಗಿ ಬಿಚ್ಚಿ ಪಂಚೆ ಉಡಬೇಕು. ಒಂದು ಪಂಚೆ ಕಾರಿನಲ್ಲಿರಲಿ, ಪ್ಯಾಂಟು ಹಾಕಿಕೊಂಡು ಹೋಗಿ ಬಾಗಿಲಲ್ಲಿ ನಿಂತವರನ್ನು ಬಹಳ ನೋಡಿದ್ದೇನೆ. ಮಹಾಗಣಪತಿಗೆ ಕೈಮುಗಿದು ಆಮೇಲೆ ಮಹಾಬಲೇಶ್ವರ ಅನ್ನುವುದು ಅಲ್ಲಿನ ರೂಢಿ. ರಾವಣನ ಆತ್ಮಲಿಂಗದ ಕಥೆ ಅತ್ತೆ ನಿಮಗಿಂತ ಚೆನ್ನಾಗಿ ಹೇಳುತ್ತಾರೆ, ಬಿಡಿ. ಓಂ ಬೀಚು, ಕುಡ್ಲೆ ಬೀಚು ಎರಡಕ್ಕೂ ಇಳಿಜಾರು, ಮೆಟ್ಟಿಲು. ದೇವಸ್ಥಾನದ ಎದುರಿನ ದೊಡ್ಡ ಬೀಚೇ ನಿಮಗೆ ಸರಿ.

ವಾಪಸ್ ಬರುವಾಗ ಕುಮಟಾಕ್ಕೆ ಮುಂಚೆ ಮಿರ್ಜಾನ್ ಕೋಟೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆಲ್ಲ ಪಾಚಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಹೆಸರು ಇದಕ್ಕೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರು. ದುರ್ಗದ ಕೋಟೆ ನೋಡಿದ ಮಕ್ಕಳಿಗೆ ಇದು ಸಣ್ಣದು ಅನ್ನಿಸಬಹುದು. ದುರ್ಗದಲ್ಲಿ ಬೆಟ್ಟವೇ ಕೋಟೆ. ಇಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ. ಹೊಳೆ ಮೇಲೆ ಬರುವ ಮೆಣಸಿನ ದೋಣಿ ಕಾಯುವುದೇ ಕೆಲಸ. ಅರ್ಧ ಗಂಟೆ ಸಾಕು.

ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್, ದೇವಿಮನೆ ಘಾಟಿ. ಈ ರಸ್ತೆ ಅಗಲ ಮಾಡುವ ಕೆಲಸಕ್ಕಾಗಿ ಆಗಾಗ ಬಂದ್ ಮಾಡಿದ್ದಾರೆ. ಹಿಂದಿನ ದಿನವೇ ವಿಚಾರಿಸಿ. ಬಂದ್ ಇದ್ದರೆ ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ, ಸಿದ್ದಾಪುರ ಮೇಲೆ ಶಿರಸಿ ಸೇರಿ. ಯಾವ ಘಾಟಿಯಾದರೂ ಬೆಳಕಿರುವಾಗ ಹತ್ತಿ ಮುಗಿಸಿ. ಹಾಗೇ, ಯಾರಾದರೂ ಇದೇ ಪ್ರವಾಸವನ್ನು ಜುಲೈಗೆ ಮಾಡೋಣ ಅಂದರೆ ಒಪ್ಪಬೇಡಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದು ನೆನಪಿರಬಹುದು. ಶಿರಸಿಯಲ್ಲಿ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಸಂಜೆ ಮಾರಿಕಾಂಬೆ ದರ್ಶನ ಮಾಡಿ, ತೊಡದೇವು ಅನ್ನುವ ತೆಳು ಸಿಹಿತಿಂಡಿ ಒಂದು ಡಬ್ಬಿ ಕಟ್ಟಿಸಿಕೊಳ್ಳಿ. ಕೈಯಲ್ಲಿ ಹಿಡಿದರೆ ಕಾಗದದ ಹಾಗೆ ಮುರಿಯುತ್ತದೆ. ಡಿಕ್ಕಿಯಲ್ಲಿ ಇಟ್ಟರೆ ದಾವಣಗೆರೆಗೆ ಪುಡಿ ಮುಟ್ಟುತ್ತದೆ, ಅದಕ್ಕೆ ತೊಡೆ ಮೇಲೇ ಇರಲಿ.

ಇನ್ನು ನೀವು ಕೇಳಿದ ಇತಿಹಾಸದ ಊರು. ಶಿರಸಿಯಿಂದ 23 ಕಿಲೋಮೀಟರ್ ದೂರದ ಬನವಾಸಿ. ನೋಡಿದರೆ ಸಾದಾ ಹಳ್ಳಿ, ಅನಾನಸ್ ತೋಟ, ವರದಾ ಹೊಳೆ. ಆದರೆ ಕನ್ನಡ ನಾಡಿನ ಮೊದಲ ರಾಜಮನೆತನ ಅನ್ನಿಸಿಕೊಂಡ ಕದಂಬರು ನಾಲ್ಕನೇ ಶತಮಾನದಲ್ಲಿ ಆಳಿದ್ದು ಇಲ್ಲಿಂದ. ಹಂಪಿಗೆ ಸಾವಿರ ವರ್ಷ ಮೊದಲು. ಮಧುಕೇಶ್ವರ ದೇವಸ್ಥಾನ ಒಂದೇ ಅಂಗಳದಲ್ಲಿದೆ, ಎರಡು ಗಂಟೆಯಲ್ಲಿ ಸಮಾಧಾನವಾಗಿ ಆಗುತ್ತದೆ. ಮಕ್ಕಳಿಗೆ ಮೂರು ವಸ್ತು ಹುಡುಕಲು ಹೇಳಿ. ಒಂದು, ದೊಡ್ಡ ನಂದಿ. ಅದರ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ ಅನ್ನುತ್ತಾರೆ. ಹಿಂದೆ ನಿಂತು ತಾವೇ ಪರೀಕ್ಷೆ ಮಾಡಲಿ. ಎರಡು, ಸೋದೆ ಅರಸರು ಕೊಟ್ಟ ಕಲ್ಲಿನ ಮಂಚ. ಮೂರು, ಐದು ಹೆಡೆಯ ನಾಗರಕಲ್ಲು. ಅದರ ಮೇಲಿನ ಬರಹ ಪ್ರಾಕೃತದ್ದು, ಕದಂಬರಿಗಿಂತ ಹಳೆಯ ಸಾತಕರ್ಣಿ ಅನ್ನುವ ರಾಜನ ಕಾಲದ್ದು.

ಬನವಾಸಿಯಿಂದ ಹಾವೇರಿ ಕಡೆ ಹೋಗಬೇಡಿ. ಶಿರಾಳಕೊಪ್ಪದ ದಾರಿ ಹಿಡಿಯಿರಿ. ಅಲ್ಲೇ ಹತ್ತಿರ ತಾಳಗುಂದ ಇದೆ. ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ. ಐದನೇ ಶತಮಾನದ್ದು, ಕುಬ್ಜ ಅನ್ನುವ ಕವಿ ಬರೆದ ಸಂಸ್ಕೃತ ಶಾಸನ. ಮಯೂರ ಅನ್ನುವ ಬ್ರಾಹ್ಮಣ ಹುಡುಗ ಗುರುವಿನ ಜೊತೆ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು, ಎಲ್ಲ ಈ ಕಂಬದ ಮೇಲಿದೆ. ನಮಗೆ ಗೊತ್ತಿರುವ ಮಯೂರನ ಕಥೆಯ ಮೂಲ ಇದೇ. ಅದನ್ನು ನೋಡಲು ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ. ಎಷ್ಟೋ ಸಲ ನಾನೊಬ್ಬನೇ ಇರುತ್ತೇನೆ. ಸಮಯ ಉಳಿದರೆ ಪಕ್ಕದ ಬಳ್ಳಿಗಾವೆ, ಅಲ್ಲಮಪ್ರಭುವಿನ ಊರು. ಅತ್ತೆ ವಚನ ಹಾಡುವವರಾಗಿದ್ದರೆ ಇದನ್ನು ಬಿಡಲೇಬೇಡಿ, ಬೇಕಾದರೆ ಇಕ್ಕೇರಿ ಬಿಡಿ. ಅಲ್ಲಿಂದ ಶಿಕಾರಿಪುರ, ಹೊನ್ನಾಳಿ, ಮಲೇಬೆನ್ನೂರು, ಮನೆ.

ಮಯೂರನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವನದೇ ಒಂದು ಶಾಸನ ನಮ್ಮ ಪಕ್ಕದಲ್ಲಿದೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಹತ್ತಿರದ ಬಂಡೆ ಮೇಲೆ. ಕೆರೆ ಕಟ್ಟಿಸಿದ ವಿಚಾರ ಬರೆಸಿದ್ದಾನೆ. ದಾವಣಗೆರೆಯಿಂದ 60 ಕಿಲೋಮೀಟರ್. ಫೆಬ್ರುವರಿಯಲ್ಲಿ ಯಾವುದಾದರೂ ಭಾನುವಾರ, ಬನವಾಸಿ ಮಕ್ಕಳ ತಲೆಯಿಂದ ಇಳಿಯುವ ಮುಂಚೆ ಹೋಗಿ ಬನ್ನಿ. ಅಂಕಲಿಮಠದ ಗುಹೆಗೆ ಟಾರ್ಚ್ ಬೇಕು, ಒಳಗೆ ಕತ್ತಲು, ಬಗ್ಗಿ ಇಳಿಯಬೇಕು. ಅತ್ತೆಯವರನ್ನು ಕೆರೆ ಏರಿ ಮೇಲೆ ನೆರಳಲ್ಲಿ ಕೂರಿಸಿ, ಮಂಡಕ್ಕಿ ಪೊಟ್ಟಣ ಕೈಗೆ ಕೊಟ್ಟು ಹೋಗಿ. ಕೋತಿಗಳಿವೆ, ಪೊಟ್ಟಣ ಸೆರಗಿನೊಳಗೆ ಇರಲಿ.